ಧರ್ಮಪುರದ ಕೇಳುಗರು

"ಇನ್ಮೇಲೆ ನಿಮ್ಮ ಚರ್ಚೆ ಬೇಡ ಸರ್," ಎಂದು ಕಾವ್ಯಶ್ರೀ ಮೈಕ್ ಆಫ್ ಮಾಡಿಬಿಟ್ಟಳು.

ಕನಕರಾಜ್ ತೆರೆದ ಬಾಯಿ ತೆರೆದ ಹಾಗೆಯೇ ಕುಳಿತ. ಒಮ್ಮೆ ಬಾಯಿ ತೆರೆದ ಮೇಲೆ ಮಾತಾಡದೆ ಮುಚ್ಚಿದ್ದು ಅವನ ಇಡೀ ಮೇಷ್ಟ್ರಿಕೆಯಲ್ಲೇ ಇರಲಿಲ್ಲ.

ಹಿರಿಯೂರಿನಲ್ಲೊಂದು ಬಾಡಿಗೆ ಕೋಣೆ. ಸದ್ದು ಗೋಡೆಗೆ ಬಡಿದು ವಾಪಸ್ ಬರದಿರಲೆಂದು ನಾಲ್ಕೂ ಕಡೆ ಕರಿ ಕಂಬಳಿ ಇಳಿಬಿಟ್ಟಿದ್ದರು. ಅದರೊಳಗೆ ಬೆವರುತ್ತ ಕುಳಿತು ಪ್ರತಿ ಭಾನುವಾರ ಒಂದು ಹಳೆಯ ಅಮೆರಿಕನ್ ಸಣ್ಣಕತೆಯನ್ನು ಕನ್ನಡದಲ್ಲಿ ರೆಕಾರ್ಡ್ ಮಾಡಿ ಪಾಡ್‌ಕಾಸ್ಟಿಗೆ ಏರಿಸುತ್ತಿದ್ದರು. ಕತೆಯನ್ನು ಅನುವಾದಿಸಿ, ಪಾತ್ರಕ್ಕೊಂದು ದನಿ ಕೊಟ್ಟು ಓದುವವಳು ಹೈಸ್ಕೂಲ್ ಟೀಚರ್ ಕಾವ್ಯಶ್ರೀ. ಆಮೇಲೆ ಅದರ ಮೇಲೆ ಚರ್ಚೆ ನಡೆಸುವವನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕನಕರಾಜ್. ಕತೆ ಒಂದು ಆಡಿಯೋ, ಚರ್ಚೆ ಇನ್ನೊಂದು.

ಚರ್ಚೆ ಎನ್ನುವುದು ಹೆಸರಿಗೆ ಮಾತ್ರ. ಪ್ರಶ್ನೆ ಅವನದೇ, ಉತ್ತರ ಅವನದೇ, ಆ ಉತ್ತರವನ್ನು ಖಂಡಿಸುವವನೂ ಅವನೇ. ನಡುನಡುವೆ "ಹೂಂ" ಎನ್ನುವ ಸ್ವಾತಂತ್ರ್ಯ ಕಾವ್ಯಶ್ರೀಗಿತ್ತು. ಹಿಂದಿನ ಬೆಂಚಿನವರ ನಿದ್ದೆಗೆಡಿಸಲೆಂದು ಬೆಳೆಸಿದ ಗಂಟಲು ಅವನದು. ಮೈಕ್ ಮುಂದಿದ್ದರೂ ಅದು ತಗ್ಗುತ್ತಿರಲಿಲ್ಲ.

ಕತೆಯನ್ನು ಜನ ಕೇಳುತ್ತಿದ್ದರು. ಚರ್ಚೆ ಕೇಳಿದೆನೆಂದು ಮಾತ್ರ ಯಾರೂ ಹೇಳಿದ್ದಿಲ್ಲ. ಹೋಗಲಿ, ಕಟ್ಟಿಕೊಂಡ ಹೆಂಡತಿಯೂ ಕೇಳುತ್ತಿರಲಿಲ್ಲ. ದಿನವಿಡೀ ಮನೆಯಲ್ಲೇ ಬಿಟ್ಟಿಯಾಗಿ ಸಿಗುವುದನ್ನು ಮತ್ತೆ ಫೋನಿನಲ್ಲಿ ಯಾಕೆ ಕೇಳಬೇಕೆನ್ನುವುದು ಆಕೆಯ ವಾದ.

"ನಿಮ್ಮ ಮಾತು ಬೇಕು ಅನ್ನೋ ಒಬ್ಬರನ್ನ ಕರ್ಕೊಂಡು ಬನ್ನಿ ಸರ್, ಮತ್ತೆ ಮೈಕ್ ಕೊಡ್ತೀನಿ," ಎಂದಳು ಕಾವ್ಯಶ್ರೀ.

ಕನಕರಾಜನಿಗೆ ನಿಜಕ್ಕೂ ನೋವಾಯಿತು. ಕ್ಲಾಸಿನಲ್ಲಿ ಹುಡುಗರು ಗಡಿಯಾರ ನೋಡುತ್ತಿದ್ದರು, ಸ್ಟಾಫ್ ರೂಮಿನಲ್ಲಿ ಅವನು ಬಂದರೆ ಎಲ್ಲರಿಗೂ ಕೆಲಸ ನೆನಪಾಗುತ್ತಿತ್ತು. ಪೂರ್ತಿ ಮಾತಾಡಲು ಅವನಿಗಿದ್ದದ್ದು ಆ ಕಂಬಳಿಯ ಕೋಣೆಯೊಂದೇ. ಅದೂ ಹೋಯಿತು. ಆ ಭಾನುವಾರ ಕತೆಯೊಂದೇ ಪ್ರಸಾರವಾಯಿತು.

ಮಾರನೆಯ ದಿನವೇ ಪಾಡ್‌ಕಾಸ್ಟಿನ ನಂಬರಿಗೆ ಫೋನು ಬಂತು. ಧರ್ಮಪುರದ ಕಡೆಯ ಜುಂಜಣ್ಣ ಎಂಬ ರೈತ.

"ಸಾರ್, ಈ ವಾರ ನಿಮ್ದು ಯಾಕೆ ಬರ್ಲಿಲ್ಲ? ಹಳೇವೆಲ್ಲ ಕೇಳಿ ಕೇಳಿ ಅಭ್ಯಾಸ ಆಗ್ಬಿಟ್ಟೈತೆ. ಹೊಸದು ಬೇಕ್ರಿ. ನೀವು ನಿಲ್ಲಿಸ್ಬಿಟ್ರೆ ನಮ್ ಗತಿ ಏನು?"

ಕನಕರಾಜ್ ಕೂಡಲೇ ಆ್ಯಪ್ ತೆರೆದು ಎಲ್ಲಿಯವರು ಎಷ್ಟು ಕೇಳಿದ್ದಾರೆಂಬ ಲೆಕ್ಕ ನೋಡಿದ. ಹೌದು! ಮಳೆ ಹಿಡಿದಾಗಿನಿಂದ ಧರ್ಮಪುರದ ಕಡೆ ಯಾರೋ ಸಂಜೆ ಹಚ್ಚಿದ ಚರ್ಚೆಯನ್ನು ಬೆಳಗಾಗುವ ತನಕ ಆರಿಸಿರಲಿಲ್ಲ. ಕಾವ್ಯಶ್ರೀಯ ಕತೆಗಳು ಅಲ್ಲಿ ಓಡಿದ್ದು ನೆಪಕ್ಕೆ ಮಾತ್ರ. ಎಲ್ಲಕ್ಕಿಂತ ಹೆಚ್ಚು ಓಡಿದ್ದು ನೆಗಡಿಯಾಗಿ ಗಂಟಲು ಒಡೆದಿದ್ದಾಗ ಅವನು ಅರಚಾಡಿದ ಸಂಚಿಕೆ. ನಾಚಿಕೆಗೆ ಅದನ್ನು ಅಳಿಸಲು ಹೊರಟಿದ್ದ ಪುಣ್ಯಾತ್ಮ, ಈಗ ಅದನ್ನೇ ತನ್ನ ಶ್ರೇಷ್ಠ ವಿಮರ್ಶೆಯೆಂದು ತೀರ್ಮಾನಿಸಿದ.

ಸಾಕ್ಷಿಗೆಂದು ಕಾವ್ಯಶ್ರೀಯನ್ನೂ ಕರೆದುಕೊಂಡು ಧರ್ಮಪುರದ ಬಸ್ ಹತ್ತಿದ. ದಾರಿಯುದ್ದಕ್ಕೂ ಗಡಿನಾಡಿನ ಜನರ ಸಾಹಿತ್ಯಾಭಿರುಚಿಯ ಬಗ್ಗೆ ಮಾತಾಡಿದ. ಮುಂದಿನ ಸೀಟಿನವರು ಎದ್ದು ಹಿಂದಕ್ಕೆ ಹೋದರು.

ಜುಂಜಣ್ಣನ ಮನೆ ಮುಂದೆ ಆಗಲೇ ಅಕ್ಕಪಕ್ಕದವರು ಸೇರಿದ್ದರು. "ಬರ್ರಿ ಸಾರ್, ಕುಂತ್ಕಳ್ರಿ," ಎಂದು ಜುಂಜಣ್ಣ ಶಾಲು ಹೊದಿಸಿದ. ಅವನ ಹೆಂಡತಿ ಕೆಂಚಕ್ಕ ಬೇಯಿಸಿದ ಶೇಂಗಾ ತಂದಿಟ್ಟು, ಈ ಸಲ ಬೆಳೆ ಕೈಗೆ ಹತ್ತಿದ್ದು ಸಾರ್ ಪುಣ್ಯದಿಂದ ಎಂದಳು. ಹಳ್ಳಿಯವರ ವಿನಯವೇ ವಿನಯ ಎಂದುಕೊಂಡು ಕನಕರಾಜ್ ಕೈ ಮುಗಿದ.

"ಮೊದ್ಲು ರಾತ್ರಿ ಕಣ್ಣು ಮುಚ್ತಿರ್ಲಿಲ್ಲ ಸಾರ್," ಎಂದಳು ಕೆಂಚಕ್ಕ. "ನಿಮ್ ಮಾತು ಹಚ್ಚಾಕೆ ಶುರು ಮಾಡಿದ್ಮೇಲೆ ನೆಮ್ಮದಿಯಾಗಿ ಮಲಗ್ತೀವಿ."

ಮಲಗುವ ವಿಷಯ ಅವನಿಗೆ ಸ್ವಲ್ಪ ಚುಚ್ಚಿತು. ಸಾಹಿತ್ಯ ಮನಸ್ಸಿಗೆ ಕೊಡುವ ಶಾಂತಿ ಅದು ಎಂದು ಸಮಾಧಾನ ಮಾಡಿಕೊಂಡ. ಪಕ್ಕದವರು ತಾವೂ ದೊಡ್ಡ ಸ್ಪೀಕರ್ ತಂದಿರುವುದಾಗಿ ಹೇಳಿದರು. ನಡುವೆ ಬರುವ ವೀಣೆಯ ತುಣುಕು ತೆಗೆದುಹಾಕಿ, ಉಸಿರೂ ಬಿಡದೆ ಮಾತಾಡಬೇಕೆಂದು ಕೇಳಿಕೊಂಡರು. ಸಿಟ್ಟು ಬಂದಾಗ ಮೇಜು ಗುದ್ದುತ್ತೀರಲ್ಲ, ಅದು ಇನ್ನೂ ಹೆಚ್ಚಿರಲಿ ಎಂದ ಒಬ್ಬ ಮುದುಕ. ಕನಕರಾಜನ ಕಣ್ಣು ತುಂಬಿ ಬಂತು. ಇಷ್ಟು ಸೂಕ್ಷ್ಮವಾಗಿ ತನ್ನನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಕಾವ್ಯಶ್ರೀ ತಲೆ ತಗ್ಗಿಸಿದಳು. ತನ್ನದೇ ತಪ್ಪು, ಬರುವ ಭಾನುವಾರದಿಂದ ಚರ್ಚೆ ಎಷ್ಟು ಉದ್ದ ಬೇಕಾದರೂ ಇರಲಿ ಎಂದು ಎಲ್ಲರೆದುರೇ ಒಪ್ಪಿಕೊಂಡಳು. ಕನಕರಾಜ್ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಕ್ಷಮಿಸಿದ್ದರ ಬಗ್ಗೆಯೂ ನಾಲ್ಕು ಮಾತಾಡಿದ.

ಆದರೂ ತನ್ನ ಕತೆಗಳ ಮಾತನ್ನೇ ಇಲ್ಲಿ ಯಾರೂ ಎತ್ತಲಿಲ್ಲವಲ್ಲ ಎನ್ನುವುದು ಅವಳನ್ನು ಕೊರೆಯುತ್ತಿತ್ತು. ವಾರವೆಲ್ಲ ಕೂತು ಅನುವಾದ ಮಾಡಿ, ಅತ್ತು ನಕ್ಕು ಓದಿದ ಕತೆಗಳು ಅವು. ಹೊರಡುವಾಗ ತಡೆಯಲಾಗದೆ ಕೇಳಿಯೇಬಿಟ್ಟಳು: "ಜುಂಜಣ್ಣಾರೇ, ನನ್ನ ಕತೆ ಒಂದಾದರೂ ಹಾಕಬಾರದಿತ್ತಾ?"

ಜುಂಜಣ್ಣ ಪೆಚ್ಚಾಗಿ ತಲೆ ಕೆರೆದುಕೊಂಡ.

"ಬೇಜಾರು ಮಾಡ್ಕಬ್ಯಾಡ್ರಿ ಮೇಡಂ, ನಿಮ್ದೂ ಹೊಲದಾಗೆ ಒಂದಿನ ಹಚ್ಚಿ ನೋಡಿದ್ವಿ. ಕಾಡುಹಂದಿಗಳು ಶೇಂಗಾ ತಿಂತಾ ಬೆಳಗಾಗೋ ತನಕ ಕೇಳ್ಕೊಂಡು ಅಲ್ಲೇ ಇದ್ವು. ಸಾರ್ ಮಾತಾಡಾಕೆ ಹತ್ತಿದ್ರೆ ಮಾತ್ರ ಒಂದೂ ನಿಲ್ಲಾಂಗಿಲ್ಲ."