ಹಿಂದೆ ನಿಂತವನು

ಕ್ಯಾಮೆರಾ ಕ್ಲಿಕ್ಕೆಂದರೆ ಎದುರಿಗಿದ್ದವರ ಮೈ ಸೀಳುವ ಕಾಲವದು. ಮನೆಯೊಳಗೆ, ಒಪ್ಪಿಕೊಂಡವರ ಫೋಟೋ ತೆಗೆಯಬಹುದಿತ್ತು. ಬಸ್ ನಿಲ್ದಾಣದಂಥ ಕಡೆ ನಿಷೇಧ, ಹಿಂದೆ ನಿಂತವರಿಗೂ ಗಾಯವಾಗುತ್ತಿತ್ತಲ್ಲ. ಸಿಕ್ಕ ಕ್ಯಾಮೆರಾವನ್ನು ಅಲ್ಲೇ ಒಡೆದುಹಾಕಬೇಕೆಂದು ನಿಲ್ದಾಣದ ಕಾವಲುಗಾರ್ತಿ ಮಾಬೂಬಿಗೆ ಅಪ್ಪಣೆಯಿತ್ತು.

ಒಂದು ಮಧ್ಯಾಹ್ನ ಆ ನಿಲ್ದಾಣದಲ್ಲಿ ಫಕೀರೇಶನೆಂಬವನು, ದುಡಿಯಲು ಗೋವೆಗೆ ಹೊರಟ ಹೆಂಡತಿಯ ಫೋಟೋ ತೆಗೆದೇಬಿಟ್ಟ. ಅವಳ ಗಲ್ಲದಿಂದ ರಕ್ತ ಇಳಿಯಿತು, ಆದರೂ ನಗುತ್ತಿದ್ದಳು. ಅವಳ ಹಿಂದೆ ಕಡಲೆ ಮಾರುತ್ತಿದ್ದ ಮುದುಕ ಮಾತ್ರ ಕುತ್ತಿಗೆ ಸೀಳಿ ಬುಟ್ಟಿಯ ಮೇಲೆ ಬಿದ್ದು ಸತ್ತ.

ಜನ ಫಕೀರೇಶನನ್ನು ಕೆಡವಿ ತುಳಿದರು. ಮುದುಕನ ಮಗ ಕ್ಯಾಮೆರಾ ಕಿತ್ತುಕೊಂಡು ಅವನ ಮುಖಕ್ಕೆ ಹಿಡಿದ. ಮಾಬೂಬಿ ಓಡಿಬಂದು, ಫಕೀರೇಶ ಲೆನ್ಸಿಗೆ ಕಾಣದಂತೆ ಅಡ್ಡ ನಿಂತಳು.

"ಸರೀರಿ ಅಕ್ಕಾರ! ನಮ್ಮಪ್ಪನ್ನ ಕೊಂದಾನ. ಇವನ್ನೂ ಕಳಸ್ತೀನಿ."

"ನಾ ಸರಿಯಂಗಿಲ್ಲೋ ತಮ್ಮಾ. ಕೊಡಿಲ್ಲಿ."

ಅವನು ಒತ್ತಿದ. ಅವಳ ಹುಬ್ಬು ಸೀಳಿ ಕಣ್ಣಿಗೆ ರಕ್ತ ಕವಿಯಿತು. ಮತ್ತೆ ಒತ್ತಿದ; ಭುಜ ಬಿರಿಯಿತು. ನೋವಿಗೆ ಚೀರುತ್ತಲೇ ಅವಳು ಮುನ್ನುಗ್ಗಿ, ಕ್ಯಾಮೆರಾ ಕಸಿದು, ಕಂಬಕ್ಕೆ ಅಪ್ಪಳಿಸಲು ಕೈ ಎತ್ತಿದಳು.

ಮಗ ಆ ಕೈಯನ್ನು ಹಿಡಿದುಕೊಂಡ.

"ತಡೀರಿ ಅಕ್ಕಾರ, ಒಡೀಬ್ಯಾಡ್ರಿ. ಅದರಾಗ ನಮ್ಮಪ್ಪ ಅದಾನ. ಅವಂದು ಬ್ಯಾರೆ ಫೋಟೋನ ಇಲ್ರೀ."

ಮಾಬೂಬಿ ಲೆನ್ಸಿಗೆ ಅಂಗೈ ಮುಚ್ಚಿ, ತನ್ನ ಎರಡು ಫೋಟೋ ದಾಟಿಸಿ ಹಿಂದಿನದಕ್ಕೆ ಹೋಗಿ, ಪರದೆಯನ್ನು ಅವನತ್ತ ತಿರುಗಿಸಿದಳು. ನಗುವ ಹೆಂಗಸಿನ ಹಿಂದೆ ಮುದುಕ ಯಾರಿಗೋ ಕಡಲೆ ಕೊಡುತ್ತಿದ್ದ. ಅವನ ಕುತ್ತಿಗೆಯ ಮೇಲೆ ಒಂದು ಗೀರೂ ಇರಲಿಲ್ಲ.