ಮ್ಯಾನೇಜರ್ ಕೋಣೆಯಲ್ಲಿ ಬೇಡಿದ್ದು

ಗಂಡ ಸುಳ್ಳು ಹೇಳುತ್ತಿದ್ದಾನೆ ಎಂಬುದು ಅವನು ಬೂಟು ಬಿಚ್ಚಿದ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಮದುವೆಯಾದಾಗಿನಿಂದ ಬಾಗಿಲಲ್ಲೇ ಒಂದು ಕಾಲಿಂದ ಇನ್ನೊಂದನ್ನು ಒದ್ದು ಬೂಟು ಕಳಚುವವನು, ಇವತ್ತು ಕೂತು, ದಾರ ಬಿಚ್ಚಿ, ಎರಡನ್ನೂ ಜೋಡಿಸಿಟ್ಟ. ಏನೋ ಮುಚ್ಚಿಡುವ ಗಂಡಸು ಮಾತ್ರ ಇಷ್ಟು ಅಚ್ಚುಕಟ್ಟಾಗಿರುತ್ತಾನೆ.

"ಯಾಕೆ ತಡ?"

"ಒಂದು ಬಸ್ಸಿನ ಗೇರ್‌ಬಾಕ್ಸ್ ಇಳಿಸ್ಬೇಕಿತ್ತು."

ಅವಳು ಕೈ ನೋಡಿದಳು. ಉಗುರಿನ ಸಂದಿಯಲ್ಲೂ ಕಪ್ಪಿರಲಿಲ್ಲ. ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಯಾರನ್ನೋ ನೋಡಲು ಹೋಗಿ ಬಂದವನ ಕೈ ಅದು. ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವ ಅವಳ ಕಣ್ಣಿಗೆ ಕಲೆ ಇದ್ದರೂ ಕಾಣುತ್ತಿತ್ತು, ಇಲ್ಲದಿದ್ದರೂ ಕಾಣುತ್ತಿತ್ತು.

"ಮಗಾ, ಮೈ ಹುಷಾರಾಗಿದ್ಯೇನೋ?" ಒಳಗಿನಿಂದ ಅತ್ತೆ ಕೇಳಿದರು. "ಬೂಟು ಬಿದ್ದ ಸದ್ದೇ ಬರ್ಲಿಲ್ಲ."

ಮಾರನೆಯ ದಿನ ಬಸ್ ನಿಲ್ದಾಣದಲ್ಲಿ, ಗಂಡ ಮೆಕ್ಯಾನಿಕ್ ಆಗಿದ್ದ ಬಸ್ ಡಿಪೋದ ವೆಲ್ಡರ್ ಸಿಕ್ಕ. ಎಲ್ಲರೂ ಅವನನ್ನು ಕಿಡಿ ಎನ್ನುತ್ತಿದ್ದರು. ಎಲ್ಲಿ ಹೋದರೂ ಹಚ್ಚಿ ಬರುವವನು.

"ಅತ್ತಿಗೆ, ಅಣ್ಣ ಮ್ಯಾನೇಜರ್ ಕೋಣೆಗೆ ಮೇಲಿಂದ ಮೇಲೆ ಹೋಗ್ತಿದ್ದಾನೆ. ನಿನ್ನೆ ಗಾಜಿನಾಚೆಯಿಂದ ನೋಡ್ದೆ. ಕೈಮುಗಿದು ನಿಂತಿದ್ದ. ಕಣ್ಣಲ್ಲಿ ನೀರು."

"ಯಾಕಂತೆ?"

"ಕೇಳ್ದೆ. ಬಾಯಿ ಬಿಡ್ಲಿಲ್ಲ. ಮನೇಲಿ ಮಾತ್ರ ಹೇಳ್ಬೇಡ ಅಂದ. ನಾನು ಹೇಳಿಲ್ಲ, ಆಯ್ತಾ?"

"ಇಲ್ಲಪ್ಪ. ನೀನು ಇವತ್ತು ನಂಗೆ ಸಿಕ್ಕೇ ಇಲ್ಲ."

ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಬೇರೆ ಹೆಣ್ಣಿನ ಗುಮಾನಿ ಇಟ್ಟುಕೊಂಡಿದ್ದವಳಿಗೆ ಈಗ ಅದೇ ವಾಸಿ ಅನ್ನಿಸಿತು. ಇದು ಕೆಲಸ ಹೋಗುವ ಲಕ್ಷಣ. ಕೆಲಸ ಹೋದರೆ ಬಾಡಿಗೆ ತಪ್ಪುತ್ತದೆ. ಬಾಡಿಗೆ ತಪ್ಪಿದರೆ ಮನೆ.

ಈ ನಗರಕ್ಕೆ ಬಸ್ಸು ರಿಪೇರಿಗೆ ಜನ ಬೇಕು, ರೋಗಿಗಳ ಹೊದಿಕೆ ಒಗೆಯಲು ಜನ ಬೇಕು. ಆ ಜನ ಮಲಗುವುದೆಲ್ಲಿ ಎಂದು ಕೇಳಿದರೆ ಮಾತ್ರ ಅದಕ್ಕೆ ಕಿವಿ ಕೇಳಿಸುವುದಿಲ್ಲ. ವಸತಿ ಬೋರ್ಡಿನ ಈ ಎರಡು ಕೋಣೆಗಾಗಿ ಗಂಡ ವರ್ಷಗಟ್ಟಲೆ ಚಪ್ಪಲಿ ಸವೆಸಿದ್ದ. ಅದಕ್ಕೂ ಮೊದಲು ನಾಲ್ಕು ಸಂಸಾರಕ್ಕೆ ಒಂದೇ ನಲ್ಲಿ, ಒಂದೇ ಕಕ್ಕಸು. ಇಲ್ಲಿಗೆ ಬಂದ ದಿನ ಅತ್ತೆ ಬಚ್ಚಲಿನ ಚಿಲಕ ಹಾಕಿಕೊಂಡು ಎಷ್ಟು ಹೊತ್ತಾದರೂ ಹೊರಗೆ ಬಂದಿರಲಿಲ್ಲ. ಮಗಳ ಶಾಲೆ ರಸ್ತೆಯಾಚೆಗೇ. ಈ ಮನೆ ಹೋದರೆ ಊರಾಚೆಯ ಯಾವುದೋ ತಗಡಿನ ಕೆಳಗೆ ಸೇರಬೇಕು. ಮಗಳನ್ನು ಅಕ್ಕನ ಮನೆಗೆ ಕಳಿಸಬೇಕು.

ಭಾನುವಾರ ಬೋರ್ಡಿನ ತನಿಖೆಯವನು ಬಂದ. ಪ್ರತಿ ವರ್ಷ ಬರುವವನೇ. ಗೋಡೆ ತಟ್ಟಿದ, ತಲೆ ಎಣಿಸಿದ, ನೀರು ಕುಡಿದ.

"ಮೂಲೆ ಮನೆ ಖಾಲಿಯಾಯ್ತಲ್ಲ, ಯಾಕಂತೆ ಸಾರ್?" ಅವಳು ಕೇಳಿದಳು.

"ಅವರ ಮಗನಿಗೆ ಒಳ್ಳೇ ಕೆಲಸ ಸಿಕ್ತಲ್ಲಮ್ಮ."

"ಪುಣ್ಯವಂತರು."

ಗಂಡ ಕೆಮ್ಮಿದ. ತನಿಖೆಯವನು ಅವನ ಕಡೆ ತಿರುಗಿದ. "ನಿಮ್ಮ ಕೆಲಸದಲ್ಲೇನಾದ್ರೂ ಬದಲಾವಣೆ?"

"ಏನೂ ಇಲ್ಲ ಸಾರ್. ಅದೇ ಕೆಲಸ. ಅದೇ ಸ್ಪ್ಯಾನರು." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

ಅವನು ಹೋದ ಮೇಲೆ ಗಂಡ ಹಣೆ ಒರೆಸಿಕೊಂಡ. ಅವಳು ನೋಡಿಯೂ ನೋಡದವಳಂತೆ ಲೋಟ ಎತ್ತಿದಳು. ಕೆಲಸ ಹೋಗಿದೆ, ಬೋರ್ಡಿಗೂ ಸುಳ್ಳು ಹೇಳುತ್ತಿದ್ದಾನೆ. ಕೇಳಿದರೆ ಬಾಯಿ ಬಿಡುವ ಜಾತಿಯಲ್ಲ. ಅವಳ ಬಾಯಿಗೆ ಹೆದರಿ ಅವನು ಎಷ್ಟೋ ಮಾತು ನುಂಗಿಕೊಳ್ಳುವುದು ಅವಳಿಗೂ ಗೊತ್ತಿತ್ತು. ಅವನು ಕೈಮುಗಿದಿದ್ದು ಸಾಕು. ಇನ್ನು ತಾನೇ ಹೋಗಬೇಕು.

ಸೋಮವಾರ ಲಾಂಡ್ರಿಗೆ ರಜೆ ಹಾಕಿ ಡಿಪೋಗೆ ಹೋದಳು. ಮ್ಯಾನೇಜರ್ ಕೂರಲು ಹೇಳಿದರು. ಅವಳು ಕೂರಲಿಲ್ಲ.

"ನಮ್ಮನೆಯವರ ಕೈ ಬಿಡ್ಬೇಡಿ ಸಾರ್."

"ನಾನೆಲ್ಲಿ ಬಿಟ್ಟೆ? ಅವನೇ ನನ್ನ ಮಾತು ಕೇಳ್ತಿಲ್ಲ. ಹಠಮಾರಿ."

"ಅವರು ಆಡಿದ್ದನ್ನ ಮನಸ್ಸಿಗೆ ಹಾಕ್ಕೊಬೇಡಿ. ಈಗ ಅವರ ತಲೆ ನೆಟ್ಟಗಿಲ್ಲ. ಅವರ ಕೆಲಸ ನೋಡಿ ತೀರ್ಮಾನ ಮಾಡಿ."

"ಕೆಲಸದಲ್ಲಿ ಅವನಿಗೆ ಸಾಟಿ ಯಾರಿದ್ದಾರೆ? ಆದ್ರೆ ಮನೇಲಿ ತೊಂದ್ರೆ ಆಗುತ್ತೆ ಅಂತಾನೆ."

"ಮನೇಲಿ ಯಾವ ತೊಂದ್ರೇನೂ ಇಲ್ಲ. ಮನೆ ನಡೆಸೋಳು ನಾನು, ನಾನೇ ಹೇಳ್ತಿದ್ದೀನಲ್ಲ."

ಮ್ಯಾನೇಜರ್ ಮೊದಲ ಸಲ ನಕ್ಕರು. "ನೀವೇ ಒಪ್ಪಿದ ಮೇಲೆ ಮುಗೀತು. ನಾಳೆ ಬೆಳಿಗ್ಗೆ ನನ್ನ ಬಂದು ಕಾಣ್ಲಿ. ಇನ್ನು ಅವನ ಯಾವ ಮಾತೂ ನಾನು ಕೇಳೋದಿಲ್ಲ."

ಅವಳು ಕಾಲು ನೆಲಕ್ಕೆ ತಾಗದವಳಂತೆ ಮನೆಗೆ ಬಂದಳು. ಸಂಜೆ ಗಂಡ ಬಂದು, ಮತ್ತೆ ಬೂಟಿನ ದಾರಕ್ಕೆ ಕೈ ಹಾಕಿದ್ದೇ ತಡ, ಶುರು ಹಚ್ಚಿದಳು.

"ಸಾಕು ನಾಟಕ. ಕೆಲಸ ಹೋಗಿದ್ದನ್ನ ಕಟ್ಕೊಂಡ ಹೆಂಡ್ತಿಗೆ ಮುಚ್ಚಿಡ್ತೀರಾ? ನಾನೇ ಹೋಗಿ ನಿಮ್ಮ ಮ್ಯಾನೇಜರ್ ಹತ್ರ ಮಾತಾಡಿ ಬಂದೆ. ಒಪ್ಪಿದ್ರು."

ದಾರ ಹಿಡಿದ ಕೈ ನಿಂತಿತು. "ಏನು ಒಪ್ಪಿದ್ರು?"

"ನಾಳೆ ಬಂದು ಕಾಣ್ಬೇಕಂತೆ. ಮನೇಲಿ ತೊಂದ್ರೆ ಏನಿಲ್ಲ ಅಂತ ಹೇಳಿದ್ದೇ, ಮುಗೀತು ಅಂದ್ರು. ನಿಮ್ಮಿಂದ ಇಷ್ಟು ದಿನ ಆಗ್ಲಿಲ್ಲ ನೋಡಿ."

ಅವನು ಗೋಡೆಗಳನ್ನು ಒಂದೊಂದಾಗಿ ನೋಡಿದ. ಬಚ್ಚಲಲ್ಲಿ ಅತ್ತೆ ನೀರು ಸುರಿದುಕೊಳ್ಳುವ ಸದ್ದು ಬರುತ್ತಿತ್ತು.

"ಕೆಲಸ ಹೋಗಿರ್ಲಿಲ್ಲ ಕಣೇ."

"ಮತ್ತೆ ಕೈಮುಗಿದಿದ್ದು ಯಾಕೆ?"

"ಫೋರ್‌ಮನ್ ಮಾಡ್ಬೇಡಿ ಅಂತ. ಸಂಬಳ ಏರಿದವರನ್ನ ಬೋರ್ಡು ಈ ಮನೇಲಿ ಇಟ್ಕೊಳಲ್ಲ. ಆ ಏರಿದ ಸಂಬಳಕ್ಕೆ ಹೊರಗೆ ಒಂದು ಕೋಣೇನೂ ಸಿಗಲ್ಲ."