ಬೇಲಿ ಪಕ್ಕದ ನಂದಿಬಟ್ಟಲು

"ಮನುಷ್ಯಜನ್ಮ ಬಂದಿರೋದೇ ದೇವರ ಸೇವೆಗೆ, ಮಿಕ್ಕಿದ್ದೆಲ್ಲ ಆಮೇಲೆ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ ಆಕೆ, ದಿನಾ ಬೆಳಕು ಹರಿಯುವ ಮೊದಲೇ ಮಡಿಯುಟ್ಟು ಹೊರಟು, ಆಚೆ ಬೀದಿಯ ಕೆಂಚಮ್ಮನ ಬೇಲಿಯೊಳಗೆ ಕೈಹಾಕಿ ಪೂಜೆಗೆ ಹೂ ಕದಿಯುತ್ತಿದ್ದಳು. ದೇವರಿಗೆಂದು ಕದ್ದರೆ ಪಾಪವಿಲ್ಲ ಎಂಬುದು ಆಕೆಯ ನಂಬಿಕೆ.

ಒಂದು ಬೆಳಿಗ್ಗೆ ನಂದಿಬಟ್ಟಲಿನ ಕೊಂಬೆ ಬಗ್ಗಿಸುವಾಗ ಬೇಲಿಯಾಚೆ ಯಾರೋ ಕೆಮ್ಮಿದರು. ನೋಡಿದರೆ, ಪೊರಕೆ ಹಿಡಿದು ಕೆಂಚಮ್ಮ ನಿಂತಿದ್ದಾಳೆ.

ಹೂ ಕದಿಯುತ್ತಿದ್ದಾಕೆ ಬುಟ್ಟಿಯನ್ನು ಸೆರಗಿನಡಿ ಸರಿಸಿದಳು. "ನಾಲ್ಕೇ ಹೂ ಕಣೇ. ಯಾರಿಗೂ ಹೇಳಬೇಡ, ನನ್ನ ಮಾನ ಹೋಗುತ್ತೆ."

"ನಾನ್ಯಾಕೆ ಹೇಳಲಿ ಅಮ್ಮಾವ್ರೇ? ದಿನಾ ನೋಡ್ತಾನೇ ಇದೀನಿ."

"ಅಯ್ಯೋ, ಒಂದು ಮಾತು ಅಂದಿದ್ದರೆ ನಿನ್ನ ಕೇಳಿಯೇ ತಗೊಳ್ತಿದ್ದೆನಲ್ಲೇ!"

ಕೆಂಚಮ್ಮ ನಕ್ಕಳು. "ಕೇಳ್ತಿರಲಿಲ್ಲ ಬಿಡಿ. ಹಿಂದೊಮ್ಮೆ ನಾನೇ ಬಿಡಿಸಿ ತಂದುಕೊಟ್ಟ ಹೂವನ್ನ, ನಮ್ಮ ಜಾತಿಯವರು ಮುಟ್ಟಿದ್ದು ಅಂತ ತಿಪ್ಪೆಗೆ ಹಾಕಿಸಿದ್ರಿ."

ಆಕೆ ಬುಟ್ಟಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಇಡಬೇಡಿ, ತಗೊಂಡು ಹೋಗಿ. ನಂಗೂ ದೇವರಿಗೆ ಒಂದು ಹೂ ಮುಟ್ಟಿಸೋ ಆಸೆ. ಮುಂಚೆ ನೀವು ಅವರಿವರ ಬೇಲೀಲಿ ಕದಿಯೋದು ನೋಡಿದ ಮೇಲೇನೇ, ಈ ಗಿಡಾನ ನಿಮ್ಮ ಕೈಗೆ ಎಟುಕೋ ಹಾಗೆ ಇಲ್ಲಿ ನೆಟ್ಟಿದ್ದು."